ಮೂರಡಿ ಕಾಣುವ ನಾಲ್ಕಡಿ ನೀರು

ಪ್ರಥಮ ಚಿಕಿತ್ಸೆ ಕಲಿಯುತ್ತಿರುವ ನಮ್ಮಂಥವರಿಗಾಗಿ ಬರೆದುಕೊಂಡ ಟಿಪ್ಪಣಿ ಇದು. ಮಕ್ಕಳು ನೀರಿನಲ್ಲಿ ಮುಳುಗುವುದರ ಬಗ್ಗೆ ಪುಸ್ತಕದಲ್ಲಿರುವ ಪಾಠವನ್ನು ಕೊಡಗಿನ ಬೇಸಿಗೆಗೆ ಹೊಂದಿಸಿಕೊಂಡಿದ್ದೇನೆ.

ಜುಲೈನಲ್ಲಿ ಕೆಂಪಗೆ ಉಕ್ಕುವ ಕಾವೇರಿಗೆ ಯಾರೂ ಮಕ್ಕಳನ್ನು ಇಳಿಸುವುದಿಲ್ಲ. ಏಪ್ರಿಲ್‌ನಲ್ಲಿ ಅದೇ ಹೊಳೆ ದುಬಾರೆಯ ಹತ್ತಿರ ಬಂಡೆಗಳ ಮಧ್ಯೆ ಸಣ್ಣಗೆ ಹರಿಯುತ್ತಿರುತ್ತದೆ. ರಜೆಗೆ ಅಜ್ಜಿಮನೆಗೆ ಬಂದ ಮಕ್ಕಳು ಓಡಿ ಇಳಿಯುತ್ತಾರೆ, ನಾವೂ ಸುಮ್ನೆ ಇರುತ್ತೇವೆ. ಆದರೆ ನೀರು ಇಳಿದ ಮಾತ್ರಕ್ಕೆ ಮಡು ಮುಚ್ಚಿಹೋಗುವುದಿಲ್ಲ. ಬಂಡೆಯ ಈ ಕಡೆ ಮೊಣಕಾಲುದ್ದ ನೀರು, ಎರಡು ಹೆಜ್ಜೆ ಆಚೆ ಆಳುದ್ದ. ಕಲ್ಲಿನ ಮೇಲೆ ಪಾಚಿ ಬೇರೆ.

ಹೈಸ್ಕೂಲಿನಲ್ಲಿ ಓದಿದ ಬೆಳಕಿನ ವಕ್ರೀಭವನ, ಅಂದರೆ ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುವುದು, ಇಲ್ಲಿ ಕೆಲಸಕ್ಕೆ ಬರುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 1.33. ಹಾಗಾಗಿ ನೇರ ಮೇಲಿನಿಂದ ನೋಡಿದರೆ ನಿಜವಾದ ಆಳದ ಮುಕ್ಕಾಲು ಪಾಲು ಮಾತ್ರ ಕಾಣುತ್ತದೆ. 4 ಅಡಿ ನೀರು 3 ಅಡಿಯಂತೆ ತೋರುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ದಡದಲ್ಲಿ ನಿಂತವರು ಓರೆಯಾಗಿಯೇ ನೋಡುವುದು, ಅಲ್ವಾ? ಎಂಟು ವರ್ಷದ ಮಗುವಿನ ಎತ್ತರವೇ ಸುಮಾರು 4 ಅಡಿ. 'ಎದೆಮಟ್ಟ ಅಷ್ಟೇ' ಅಂದುಕೊಂಡ ಕಡೆ ಮೂಗು ಮುಳುಗುತ್ತದೆ. ಕಣ್ಣನ್ನು ನಂಬದೆ ಉದ್ದ ಕೋಲು ಇಳಿಸಿ ನೋಡಿ.

ಹೊಳೆಗಿಂತ ನನಗೆ ತೋಟದ ಕೆರೆಯದೇ ಜಾಸ್ತಿ ಚಿಂತೆ. ಕಾಫಿ ಹೂ ಅರಳಿಸಲು ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್‌ಗೆ ನೀರು ಎಳೆಯುತ್ತಾರೆ. ಮಟ್ಟ ಇಳಿದಂತೆ ಕಡಿದಾದ ಜೇಡಿಮಣ್ಣಿನ ದಡ ಹೊರಬೀಳುತ್ತದೆ. ಜಾರಿ ಬಿದ್ದ ಮಗುವಿಗೆ ಹಿಡಿದುಕೊಳ್ಳಲು ಒಂದು ಬೇರೂ ಸಿಗುವುದಿಲ್ಲ. ಪ್ಲಾಸ್ಟಿಕ್ ಹೊದಿಸಿದ ಕೃಷಿ ಹೊಂಡದಲ್ಲಿ ಈಜು ಬರುವ ದೊಡ್ಡವರಿಗೂ ಮೇಲೆ ಹತ್ತುವುದು ಕಷ್ಟ. ಸುತ್ತ ಬೇಲಿ, ಒಳಕ್ಕೆ ಇಳಿಬಿಟ್ಟ ಗಂಟು ಹಾಕಿದ ಹಗ್ಗ, ಇವೆರಡಕ್ಕೆ ದೊಡ್ಡ ಖರ್ಚೇನಿಲ್ಲ.

ಇನ್ನು, ಮುಳುಗುವ ಮಗು ಕೂಗುತ್ತದೆ ಅನ್ನುವುದು ಸಿನಿಮಾದ ಮಾತು. ಬಾಯಿ ನೀರಿನ ಮೇಲೆ ಬರುವುದೇ ಅರೆಗಳಿಗೆ. ಅಷ್ಟರಲ್ಲಿ ಉಸಿರೆಳೆಯಬೇಕೇ ಹೊರತು ಕೂಗಲು ಆಗದು. ಕೈ ಬೀಸುವುದೂ ಇಲ್ಲ, ಎರಡೂ ಕೈ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ತಲೆ ಹಿಂದಕ್ಕೆ ವಾಲಿ, ದೇಹ ನೆಟ್ಟಗೆ ನಿಂತಂತಿರುತ್ತದೆ. ನೋಡಿದವರಿಗೆ ಆಟದಂತೆ ಕಾಣುತ್ತದೆ. ಒಂದು ನಿಮಿಷದೊಳಗೆ ಮಗು ಒಳಗೆ ಹೋಗಿಬಿಡಬಹುದು. 'ಎಲ್ಲರೂ ನೋಡ್ಕೊಳ್ತಾ ಇದ್ದೀವಿ' ಅಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ. ಒಬ್ಬರ ಹೆಸರು ಹೇಳಿ ಕಾವಲಿಗೆ ನಿಲ್ಲಿಸಿ, ಅವರ ಮೊಬೈಲ್ ತೆಗೆದಿಟ್ಟುಕೊಳ್ಳಿ. ಚಿಕ್ಕ ಮಕ್ಕಳ ಜೊತೆ ಕೈಗೆಟುಕುವಷ್ಟು ಹತ್ತಿರದಲ್ಲೇ ಇರಬೇಕು. ಗಾಳಿ ತುಂಬಿದ ಟ್ಯೂಬು ಆಟಕ್ಕೆ ಮಾತ್ರ.

ದೋಣಿಯಲ್ಲಾದರೆ ಲೈಫ್ ಜಾಕೆಟ್ ಮಗುವಿನ ತೂಕಕ್ಕೆ ಸರಿಯಾಗಿರಬೇಕು. ದೊಡ್ಡವರದ್ದನ್ನು ಬಿಗಿದು ಕಟ್ಟಿದರೆ ಆಗುವುದಿಲ್ಲ. ಹಾಕಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ. ಜಾಕೆಟ್ ಕಿವಿಯವರೆಗೆ ಜಾರಿ ಬಂದರೆ ಬೇರೆಯದು ಕೇಳಿ. ಚಿಕ್ಕವರಿಗೆ ತೊಡೆಸಂದಿನಲ್ಲಿ ಹಾಯುವ ಪಟ್ಟಿಯೂ ಬೇಕು. ದಡ ಹತ್ತಿರವಿದೆ ಎಂದು ಬಕಲ್ ಬಿಚ್ಚುವಂತಿಲ್ಲ.

ಯಾರಾದರೂ ಮುಳುಗುತ್ತಿದ್ದರೆ ಧುಮುಕಬೇಡಿ. ಗಾಬರಿಯಲ್ಲಿ ಅವರು ನಿಮ್ಮನ್ನೇ ಹಿಡಿದು ಒಳಗೆಳೆಯುತ್ತಾರೆ. ದಡದಲ್ಲಿ ಮಲಗಿ ಬಿದಿರು, ಸೀರೆ, ಪಂಚೆ ಏನಾದರೂ ಚಾಚಿ. ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನಿಗೆ ಹಗ್ಗ ಕಟ್ಟಿ ಎಸೆದರೂ ಆದೀತು.

ಮೇಲೆ ತಂದಮೇಲೆ ಹೊಟ್ಟೆ ಒತ್ತುವುದು, ತಲೆಕೆಳಗು ಮಾಡಿ ತಿರುಗಿಸುವುದು ಈಗಲೂ ನಡೆಯುತ್ತದೆ. ಇದು ತಪ್ಪು. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶ ಸೇರಬಹುದು, ಸಮಯವೂ ಹಾಳು. ಇಲ್ಲಿ ಹೃದಯ ನಿಲ್ಲುವುದು ಆಮ್ಲಜನಕ ಸಿಗದೆ. ಅದಕ್ಕೇ ಉಸಿರಾಟ ಇಲ್ಲದಿದ್ದರೆ ಮೊದಲು ಬಾಯಿಂದ ಉಸಿರು ಕೊಡಬೇಕು. ಆಮೇಲೆ 30 ಸಲ ಎದೆ ಒತ್ತಿ, 2 ಉಸಿರು. ಇನ್ನೊಬ್ಬರು 108 ಅಥವಾ 112ಕ್ಕೆ ಫೋನ್ ಮಾಡಲಿ. ಮಗು ಎದ್ದು ಕೂತು ಮಾತಾಡಿದರೂ ಕೆಮ್ಮು, ಏದುಸಿರು ಇದ್ದರೆ ಮನೆಗಲ್ಲ, ನೇರ ಆಸ್ಪತ್ರೆಗೆ.