ಪಶ್ಚಿಮದ ಕಿಟಕಿಯ ಲೆಕ್ಕ

ಮನೆ ಕಟ್ಟಿಸಲು ಹೊರಟವರು ಮೊದಲು ವಿಚಾರಿಸುವುದು ದಿಕ್ಕನ್ನು. ಪೂರ್ವದ ಬಾಗಿಲಾ, ಉತ್ತರದ ಬಾಗಿಲಾ? ಈ ಪ್ರಶ್ನೆ ಸರಿಯಾಗಿಯೇ ಇದೆ. ದಿಕ್ಕು ನಿಜಕ್ಕೂ ಮುಖ್ಯ. ಕೇಳುವ ಜಾಗ ಮಾತ್ರ ತಪ್ಪು. ಯಾವ ದಿಕ್ಕಿನಿಂದ ಮನೆಯೊಳಗೆ ಏನು ಬರುತ್ತದೆ ಅಂತ ವಾಸ್ತುವಿನವರನ್ನು ಕೇಳಿದರೆ ಲಕ್ಷ್ಮಿ, ಕುಬೇರ, ಯಮ ಅಂತ ಪಟ್ಟಿ ಕೊಡುತ್ತಾರೆ. ನಿಜವಾಗಿ ಬರುವುದು ಬಿಸಿಲು ಮತ್ತು ಗಾಳಿ. ಎರಡನ್ನೂ ಅಳೆಯಬಹುದು.

ಒಂದು ಉದಾಹರಣೆ ನೋಡಿ. ಯಜಮಾನರ ಬೆಡ್‌ರೂಮು ನೈಋತ್ಯದಲ್ಲೇ ಇರಬೇಕು ಅನ್ನುತ್ತದೆ ವಾಸ್ತು. ಮಾರ್ಚ್ ತಿಂಗಳ ಮಧ್ಯಾಹ್ನ ಮೂರರಿಂದ ಸೂರ್ಯ ಮುಳುಗುವವರೆಗೆ ಆ ರೂಮಿನ ಪಶ್ಚಿಮದ ಗೋಡೆ ಬಿಸಿಲು ಕುಡಿಯುತ್ತಲೇ ಇರುತ್ತದೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯಾದರೆ ಆ ಕಾವು ಒಳಗೆ ತಲುಪಲು ಕೆಲವು ಗಂಟೆ ಬೇಕು. ಅಷ್ಟರಲ್ಲಿ ಯಜಮಾನರು ಊಟ ಮುಗಿಸಿ ಮಲಗಲು ಬಂದಿರುತ್ತಾರೆ. ಮರುವರ್ಷ ಆ ರೂಮಿಗೆ ಎಸಿ ಬರುತ್ತದೆ. ಇದರಲ್ಲಿ ಕುಬೇರನ ಪಾಲು ಏನೂ ಇಲ್ಲ, ಬೆಸ್ಕಾಂ ಪಾಲು ಇದೆ.

ಇಂಥ ಲೆಕ್ಕವನ್ನು ಪಾಯ ತೋಡುವ ಮೊದಲೇ ಮಾಡಬಹುದು. ಬ್ರೌಸರ್ ತೆರೆದು, ಊರು, ಗೋಡೆಯ ಸಾಮಗ್ರಿ, ಕಿಟಕಿಯ ಅಳತೆ, ದಿಕ್ಕು ತುಂಬಿದರೆ ಸಾಕು. ವಿಶ್ವ ಬ್ಯಾಂಕ್ ಗುಂಪಿಗೆ ಸೇರಿದ ಐಎಫ್‌ಸಿಯ 'ಎಡ್ಜ್' ಅಂಥ ಒಂದು ವೆಬ್ ಉಪಕರಣ. ಆಯಾ ಊರಿನ ಸಾಮಾನ್ಯ ಕಟ್ಟಡಕ್ಕೆ ಹೋಲಿಸಿದರೆ ನಿಮ್ಮದು ವಿದ್ಯುತ್, ನೀರು, ಸಾಮಗ್ರಿ ಈ ಮೂರರಲ್ಲೂ ಕನಿಷ್ಠ 20 ಶೇಕಡಾ ಉಳಿಸುತ್ತದೆಯೇ ಅಂತ ಅದು ನೋಡುತ್ತದೆ. ಕೇಂದ್ರ ಸರ್ಕಾರದ ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿ 2018ರಲ್ಲಿ ವಾಸದ ಕಟ್ಟಡಗಳಿಗೆ ಅಂತಲೇ 'ಇಕೋ ನಿವಾಸ್ ಸಂಹಿತಾ' ತಂದಿತು. ಅದಕ್ಕೂ ಆನ್‌ಲೈನ್ ಲೆಕ್ಕದ ವ್ಯವಸ್ಥೆ ಇದೆ. ಈ ಸಂಹಿತೆಯ ಹೊಟ್ಟೆಯೊಳಗಿರುವ ಒಂದು ಸೂತ್ರ ನನಗೆ ತುಂಬಾ ಇಷ್ಟ. ಅದಕ್ಕೆ ಬರುತ್ತೇನೆ. ಅದಕ್ಕೂ ಮುಂಚೆ ಸ್ವಲ್ಪ ಹಳೆಯ ಕತೆ, ಯಾಕೆಂದರೆ ಅದು ಬೆಂಗಳೂರಿನದೇ.

1935ರಲ್ಲಿ ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಐಐಎಸ್‌ಸಿ) ಬಂದು ಕೆಲವು ತಿಂಗಳು ಇದ್ದರು. ನಾಜಿಗಳ ಕಾಟಕ್ಕೆ ಜರ್ಮನಿ ಬಿಟ್ಟವರು ಅವರು. ಅವರ ತಂಗಿಯ ಮಗ ಒಟ್ಟೊ ಕೋನಿಗ್ಸ್‌ಬರ್ಗರ್ ಕೂಡ ಅದೇ ಕಾರಣಕ್ಕೆ ಊರು ಬಿಟ್ಟ ಆರ್ಕಿಟೆಕ್ಟ್. ಬರ್ಲಿನ್ನಿನವರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1939ರಲ್ಲಿ, ಮೈಸೂರು ಸಂಸ್ಥಾನದ ಸರ್ಕಾರಿ ಆರ್ಕಿಟೆಕ್ಟ್ ಆಗಿ ಬಂದರು. ಇನ್‌ಸ್ಟಿಟ್ಯೂಟಿನ ಹಲವು ಕಟ್ಟಡಗಳು ಅವರ ಕೈಯಿಂದಲೇ ಆದವು. ಯುರೋಪಿನಲ್ಲಿ ಬಿಸಿಲನ್ನು ಒಳಗೆ ಕರೆಯಲು ಕಲಿತವರಿಗೆ ಇಲ್ಲಿ ಬಿಸಿಲನ್ನು ಹೊರಗೆ ನಿಲ್ಲಿಸುವ ಕೆಲಸ ಬಿತ್ತು. ಆಮೇಲೆ ಲಂಡನ್ನಿಗೆ ಹೋಗಿ ಉಷ್ಣವಲಯದ ಕಟ್ಟಡಗಳನ್ನೇ ಪಾಠವಾಗಿ ಕಲಿಸಿದರು.

ಅಲ್ಲಿಯ ಗುಂಪಿನಿಂದ ಹುಟ್ಟಿದ್ದು 'ಮಹೋನಿ ಕೋಷ್ಟಕ'. ಕಾರ್ಲ್ ಮಹೋನಿ ಎಂಬುವರ ಹೆಸರು ಅದಕ್ಕೆ. 1971ರಲ್ಲಿ ವಿಶ್ವಸಂಸ್ಥೆ ಅದನ್ನು ಪ್ರಕಟಿಸಿತು. ಬರೀ ಕಾಗದ, ಪೆನ್ಸಿಲ್ಲು. ತಿಂಗಳು ತಿಂಗಳಿನ ಉಷ್ಣಾಂಶ, ತೇವಾಂಶ, ಮಳೆ, ಗಾಳಿ ಇಷ್ಟನ್ನು ಕೋಷ್ಟಕದ ಚೌಕಗಳಲ್ಲಿ ತುಂಬಬೇಕು. ಹಗಲು ಸೆಕೆಯಾ, ರಾತ್ರಿ ಸೆಕೆಯಾ ಅಂತ ಗುರುತು ಹಾಕಬೇಕು. ಗುರುತು ಎಣಿಸಿ ಕೊನೆಯ ಪಟ್ಟಿಗೆ ಹೋದರೆ ಉತ್ತರ ಸಿಗುತ್ತದೆ: ಮನೆಗಳ ನಡುವೆ ಜಾಗ ಬಿಡಿ, ಕಿಟಕಿ ಇಷ್ಟು ದೊಡ್ಡದಿರಲಿ, ಚಾವಣಿ ಹಗುರವಾಗಿರಲಿ ಅಥವಾ ದಪ್ಪಗಿರಲಿ. ಇವತ್ತಿನ ವೆಬ್ ಉಪಕರಣಗಳ ಅಜ್ಜ ಇದು. ಕಂಪ್ಯೂಟರ್ ಇಲ್ಲದೆ ನಡೆಯುತ್ತಿತ್ತು ಅನ್ನುವುದನ್ನು ಗಮನಿಸಿ. ಉಪಕರಣದ ಒಳಗೆ ಮಾಯೆಯೇನೂ ಇಲ್ಲ, ಇರುವುದು ಗುಣಾಕಾರ, ಕೂಡುವುದು, ಹೋಲಿಸುವುದು.

ಸರಿ, ಸೂತ್ರಕ್ಕೆ ಬರೋಣ. ಅದರ ಹೆಸರು ಆರ್‌ಇಟಿವಿ. ಸೆಕೆಗಾಲದಲ್ಲಿ ಹೊರಮೈಯ ಒಂದೊಂದು ಚದರ ಮೀಟರಿನಿಂದ ಸರಾಸರಿ ಎಷ್ಟು ವ್ಯಾಟ್ ಕಾವು ಒಳಗೆ ಬರುತ್ತದೆ ಅನ್ನುವುದರ ಅಂದಾಜು. ಚಾವಣಿಯನ್ನು ಇದರಲ್ಲಿ ಸೇರಿಸಿಲ್ಲ. ಬೆಂಗಳೂರಿನಂಥ ಊರಿಗೆ ಮಿತಿ 15. ಒಂದು ಕಟ್ಟಡವನ್ನು ವರ್ಷದ 8,760 ಗಂಟೆಯೂ ಕಂಪ್ಯೂಟರಿನಲ್ಲಿ ಓಡಿಸಿ ನೋಡುವ ದೊಡ್ಡ ತಂತ್ರಾಂಶಗಳಿವೆ. ಅವನ್ನು ಪಳಗಿಸಲು ಪರಿಣತರೇ ಬೇಕು. ಅಂಥ ಓಟಗಳ ಫಲಿತಾಂಶವನ್ನೆಲ್ಲ ಹಿಂಡಿ ಮೂರು ಅಂಕಿಗೆ ಇಳಿಸಿದ್ದಾರೆ. ನಮ್ಮ ಸಮಶೀತೋಷ್ಣ ವಲಯಕ್ಕೆ ಆ ಮೂರು ಅಂಕಿ 3.38, 0.37 ಮತ್ತು 63.69. ಮೊದಲನೆಯದು ಗೋಡೆ ದಾಟಿ ಬರುವ ಕಾವಿಗೆ. ಎರಡನೆಯದು ಗಾಜಿನ ಆಚೀಚೆ ಗಾಳಿಯ ಉಷ್ಣಾಂಶ ಬೇರೆ ಇರುವುದರಿಂದ ಬರುವ ಕಾವಿಗೆ. ಮೂರನೆಯದು ಗಾಜು ತೂರಿ ನೇರ ಒಳಗೆ ಬೀಳುವ ಬಿಸಿಲಿಗೆ. ಹಾಗೇ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ, ಇವು ಗುಣಿಸುವ ವಸ್ತುಗಳು ಬೇರೆ ಬೇರೆ. ಲೆಕ್ಕ ಹಾಕಿಯೇ ನೋಡೋಣ.

ನೂರು ಚದರ ಮೀಟರ್ ಹೊರಮೈ ಅಂದುಕೊಳ್ಳಿ. ಅದರಲ್ಲಿ 30 ಚದರ ಮೀಟರ್ ಕಿಟಕಿ, ಒಂದೇ ಪದರದ ಸಾದಾ ಗಾಜು. ಉಳಿದ 70 ಸಾಲಿಡ್ ಕಾಂಕ್ರೀಟ್ ಬ್ಲಾಕಿನ ಗೋಡೆ. ಗೋಡೆಯ ಯು-ಮೌಲ್ಯ 2.5 ಇರಲಿ. ಅಂದರೆ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದರೆ ಒಂದು ಚದರ ಮೀಟರ್ ಗೋಡೆ 2.5 ವ್ಯಾಟ್ ದಾಟಿಸುತ್ತದೆ. ಗಾಜಿನ ಯು-ಮೌಲ್ಯ 5.8. ಮೇಲೆ ಬಿದ್ದ ಬಿಸಿಲಿನಲ್ಲಿ ಗಾಜು ಒಳಗೆ ಬಿಡುವ ಪಾಲು 0.8. ದಿಕ್ಕಿನ ಲೆಕ್ಕ ಸದ್ಯಕ್ಕೆ ಬಿಡಿ. ಗುಣಿಸಿದರೆ ಗೋಡೆಯಿಂದ 5.9 (3.38 × 0.7 × 2.5), ಹೀಗೆಯೇ ಗಾಜಿನ ಗಾಳಿಯ ಕಾವು 0.6, ನೇರ ಬಿಸಿಲು 15.3. ಒಟ್ಟು 21.8. ಮಿತಿ 15, ಹಾಗಾಗಿ ಫೇಲು.

ಈಗ ಹೆಚ್ಚಿನವರು ಏನು ಮಾಡುತ್ತಾರೆ? ದುಡ್ಡು ಹಾಕಿ ಗೋಡೆ ಬದಲಿಸುತ್ತಾರೆ. ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಎಎಸಿ ಬ್ಲಾಕ್ ಹಾಕಿ ಯು-ಮೌಲ್ಯವನ್ನು 0.8ಕ್ಕೆ ಇಳಿಸಿದರು ಅನ್ನಿ. ಗೋಡೆಯ ಪಾಲು 1.9ಕ್ಕೆ ಬಂತು. ಒಟ್ಟು 17.8. ಇನ್ನೂ ಫೇಲು! ಗೋಡೆಯನ್ನು ಮೊದಲಿನಂತೆಯೇ ಬಿಟ್ಟು, ಕಿಟಕಿಗೆ ಬೀಳುವ ಬಿಸಿಲನ್ನು ಅರ್ಧ ತಡೆಯಿರಿ. 0.8 ಇದ್ದದ್ದು 0.4 ಆಗುತ್ತದೆ. ನೇರ ಬಿಸಿಲು 15.3ರಿಂದ 7.6ಕ್ಕೆ ಇಳಿಯುತ್ತದೆ. ಒಟ್ಟು 14.2. ಪಾಸು. ಇಡೀ ಕಟ್ಟಡದ ಗೋಡೆ ಬದಲಿಸಿದರೂ ಆಗದ ಕೆಲಸವನ್ನು ಕಿಟಕಿಯ ಹೊರಗಿನ ನೆರಳು ಮಾಡಿತು.

ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿಗೆ ಹತ್ತಿದವರಿಗೆ ಇದರ ಕಾರಣ ಗೊತ್ತು. ಬಿಸಿಲು ಗಾಜು ತೂರಿ ಬರುತ್ತದೆ, ಸೀಟಿಗೆ ಬಿದ್ದು ಕಾವಾಗುತ್ತದೆ, ಆ ಕಾವು ಬಂದ ದಾರಿಯಲ್ಲಿ ವಾಪಸ್ ಹೋಗಲಾರದು. ಇಷ್ಟು ಗೊತ್ತಿದ್ದೂ ಔಟರ್ ರಿಂಗ್ ರೋಡಿನುದ್ದಕ್ಕೂ ಗಾಜಿನ ಪೆಟ್ಟಿಗೆಗಳನ್ನು ನಿಲ್ಲಿಸಿದ್ದೇವೆ. ಫ್ಯಾನೇ ಸಾಕಾಗಿದ್ದ ಊರಿನಲ್ಲಿ ಡಿಸೆಂಬರಿನಲ್ಲೂ ಎಸಿ ಓಡಿಸುತ್ತೇವೆ. ಚಳಿದೇಶದ ಫ್ಯಾಷನ್ನು ಇಲ್ಲಿ ಅಭಿವೃದ್ಧಿಯ ಗುರುತಾಗಿ ಕೂತಿದೆ. ಇದೂ ಒಂದು ಮೂಢನಂಬಿಕೆಯೇ, ವಾಸ್ತುವಿಗಿಂತ ದುಬಾರಿ ಅಷ್ಟೆ.

ದಿಕ್ಕಿನ ಲೆಕ್ಕ ಬಿಟ್ಟಿದ್ದೆ ಅಲ್ವಾ? ಸಂಹಿತೆ ಪ್ರತಿ ದಿಕ್ಕಿಗೂ ಒಂದು ಗುಣಕ ಕೊಟ್ಟಿದೆ. ಕರ್ಕಾಟಕ ವೃತ್ತದ ದಕ್ಷಿಣಕ್ಕಿರುವ ನಮಗೆ ಉತ್ತರದ ಗುಣಕ 0.659, ಪಶ್ಚಿಮದ್ದು 1.156. ಅದೇ ಕಿಟಕಿ, ಅದೇ ಗಾಜು. ಉತ್ತರದಿಂದ ಪಶ್ಚಿಮಕ್ಕೆ ತಿರುಗಿಸಿದರೆ ಕಾವು ಮುಕ್ಕಾಲು ಪಾಲು ಜಾಸ್ತಿ. ದಕ್ಷಿಣದ್ದು ಎಷ್ಟು ಗೊತ್ತಾ? 0.966. ಯಮನ ದಿಕ್ಕು ಅಂತ ನಾವು ಹೆದರುವ ದಕ್ಷಿಣ, ಶುಭ ಅಂತ ಹುಡುಕುವ ಪೂರ್ವಕ್ಕಿಂತ ತಂಪು.

ಸಜ್ಜಾ ಹಾಕಿದರೆ ಆಯ್ತಲ್ಲ ಅಂತ ಮೇಸ್ತ್ರಿ ಹೇಳುತ್ತಾರೆ. ನಾಲ್ಕೂ ಕಡೆ ಎರಡಡಿ ಸಜ್ಜಾ, ಲೆಕ್ಕ ಮುಗೀತು. ಇಲ್ಲ, ಮುಗಿಯಲಿಲ್ಲ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ನಡುಮಧ್ಯಾಹ್ನ ಸೂರ್ಯ ದಕ್ಷಿಣದಲ್ಲಿ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. 60 ಸೆಂಟಿಮೀಟರ್ ಸಜ್ಜಾ ಆಗ 80 ಸೆಂಟಿಮೀಟರ್ ಕೆಳಗಿನವರೆಗೆ ನೆರಳು ಕೊಡುತ್ತದೆ. ನಾಲ್ಕಡಿ ಕಿಟಕಿಯ ಮೂರನೇ ಎರಡು ಪಾಲು ಮುಚ್ಚಿತು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗಂತೂ ನಡುಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೇ ಹೋಗಿರುತ್ತಾನೆ, ದಕ್ಷಿಣದ ಕಿಟಕಿಗೆ ಬಿಸಿಲೇ ಇಲ್ಲ. ಈಗ ಪಶ್ಚಿಮಕ್ಕೆ ಬನ್ನಿ. ಮಾರ್ಚ್ 21, ಸಂಜೆ ನಾಲ್ಕೂವರೆ. ಸೂರ್ಯ ಸುಮಾರು 29 ಡಿಗ್ರಿಗೆ ಇಳಿದಿದ್ದಾನೆ. ಅದೇ ಸಜ್ಜಾದ ನೆರಳು ಬರೀ 34 ಸೆಂಟಿಮೀಟರ್. ಕಿಟಕಿಯ ಉಳಿದ 86 ಸೆಂಟಿಮೀಟರಿಗೆ ಬಿಸಿಲು ಸೀದಾ ಹೊಡೆಯುತ್ತಿದೆ. ಸಜ್ಜಾ ಉದ್ದ ಮಾಡಿ ಗೆಲ್ಲಲು ಆಗದು. ಅಲ್ಲಿ ಬೇಕಾದದ್ದು ನಿಂತ ಪಟ್ಟಿಗಳು, ಜಾಲಿ, ಬಿದಿರಿನ ತಟ್ಟಿ ಅಥವಾ ಒಂದು ಹೊಂಗೆ ಮರ. ಎಲ್ಲವೂ ಗಾಜಿನ ಹೊರಗೇ ಇರಬೇಕು. ಒಳಗಿನ ಕರ್ಟನ್ನಿಗೆ ಬಿಸಿಲು ತಲುಪುವ ಹೊತ್ತಿಗೆ ಅದು ಮನೆಯೊಳಗೆ ಬಂದಾಗಿದೆ.

ಇಷ್ಟು ಹೊಗಳಿದ ಮೇಲೆ ಉಪಕರಣದ ಹುಳುಕೂ ಹೇಳಬೇಕು. 2018ರ ಈ ಸಂಹಿತೆಯನ್ನು ಬರೆದದ್ದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಸೈಟುಗಳಿಗೆ. ನಮ್ಮ 30×40 ಅಡಿಯ ಸೈಟು ಅಂದರೆ 111 ಚದರ ಮೀಟರ್. ನಿಯಮ ನಿಮ್ಮನ್ನು ಕೇಳುವುದಿಲ್ಲ, ನೀವಾಗಿಯೇ ಲೆಕ್ಕ ಹಾಕಿಕೊಳ್ಳಬೇಕು. ಒಂದೇ ಮಹಡಿಯ ಮನೆಗೆ ಚಾವಣಿಯೇ ದೊಡ್ಡ ಒಲೆ. ಅದಕ್ಕೆ ಸಂಹಿತೆಯಲ್ಲಿ ಬೇರೆ ಮಿತಿ ಇದೆ, ಯು-ಮೌಲ್ಯ 1.2. ಆರ್‌ಇಟಿವಿ ಪಾಸಾಯಿತು ಅಂತ ಚಾವಣಿ ಮರೆಯಬೇಡಿ, ಮೇಲೆ ಬಿಳಿ ಸುಣ್ಣವಾದರೂ ಹೊಡೆಸಿ.

ನನಗೆ ಜಾಸ್ತಿ ಕಿರಿಕಿರಿ ಮಾಡುವುದು 'ಪ್ರತಿ ಚದರ ಮೀಟರಿಗೆ' ಅನ್ನುವ ಮಾತು. ಇಬ್ಬರೇ ಇರುವ ಐದು ಸಾವಿರ ಚದರ ಅಡಿಯ ವಿಲ್ಲಾ ಈ ಅಳತೆಯಲ್ಲಿ ಹಸಿರು ಕಟ್ಟಡ ಅನ್ನಿಸಿಕೊಳ್ಳಬಹುದು. ಆರು ಜನ ಇರುವ ಎರಡು ಬೆಡ್‌ರೂಮಿನ ಫ್ಲಾಟು ಫೇಲಾಗಬಹುದು. ತಲೆಗೆ ಎಷ್ಟು ಸಿಮೆಂಟು, ತಲೆಗೆ ಎಷ್ಟು ಯೂನಿಟ್ಟು ಅಂತ ಕೇಳಿದರೆ ಉತ್ತರ ತಿರುಗುಮುರುಗು ಆಗುತ್ತದೆ. ಹಾಗೆ ಕೇಳಿದರೆ ಬಿಲ್ಡರುಗಳಿಗೆ ಇಷ್ಟವಾಗುವುದಿಲ್ಲ.

ಹವಾಮಾನದ ಕಡತಗಳೂ ಹಿಂದಿನ ವರ್ಷಗಳಿಂದ ಆರಿಸಿದ 'ಸಾಮಾನ್ಯ ವರ್ಷ'ದವು. 2024ರ ಏಪ್ರಿಲ್ 28ರಂದು ಬೆಂಗಳೂರು 38.5 ಡಿಗ್ರಿ ಮುಟ್ಟಿತು. ಅಂಥ ದಿನ ಸಾಮಾನ್ಯ ವರ್ಷದಲ್ಲಿ ಬರುವುದಿಲ್ಲ. ಕಟ್ಟಡ ಮಾತ್ರ ಐವತ್ತು ವರ್ಷ ನಿಲ್ಲಬೇಕು.

ಇನ್ನೊಂದು ತೊಡಕು, ಪಕ್ಕದ ಮನೆ. ಹೆಚ್ಚಿನ ಸರಳ ಉಪಕರಣಗಳಿಗೆ ನಿಮ್ಮ ಕಟ್ಟಡ ಬಯಲಲ್ಲಿ ಒಂಟಿಯಾಗಿ ನಿಂತಿದೆ. ನಮ್ಮ ಬಡಾವಣೆಗಳಲ್ಲಿ ಮೂರಡಿ ಬಿಟ್ಟರೆ ಪಕ್ಕದವರ ಗೋಡೆ. ನೆರಳು ಬಿಟ್ಟಿ ಸಿಗುತ್ತದೆ, ಗಾಳಿ ಬೆಳಕು ಹೋಗುತ್ತದೆ. ಇದನ್ನು ಹಿಡಿಯಲು ಇಡೀ ಊರಿನ ಎತ್ತರದ ನಕ್ಷೆ ಬೇಕು. ಬೆಂಗಳೂರಿನ ಸಿ-ಸ್ಟೆಪ್ ಎಂಬ ಸಂಶೋಧನಾ ಸಂಸ್ಥೆ ಬೆಸ್ಕಾಂ ಜೊತೆ ಸೇರಿ ಚಾವಣಿ ಸೌರವಿದ್ಯುತ್ತಿಗೆ ಅಂಥದ್ದೊಂದು ವೆಬ್ ಉಪಕರಣ ಮಾಡಿದೆ, ಹೆಸರು 'ಕ್ರೆಸ್ಟ್'. ಆಕಾಶದಿಂದ ಲೇಸರ್ ಬಿಟ್ಟು ಅಳೆದ ಎತ್ತರಗಳನ್ನು ಬಳಸಿ, ಯಾವ ಚಾವಣಿಯ ಮೇಲೆ ಮರದ್ದೋ ಪಕ್ಕದ ಕಟ್ಟಡದ್ದೋ ನೆರಳು ಬೀಳುತ್ತದೆ ಅಂತ ಅದು ಲೆಕ್ಕ ಹಾಕುತ್ತದೆ. ಅಳೆದ ದಿನ ಊರು ಹೇಗಿತ್ತೋ ಹಾಗೆ. ನಿಮ್ಮ ಪಶ್ಚಿಮಕ್ಕೋ ದಕ್ಷಿಣಕ್ಕೋ ಖಾಲಿ ಸೈಟಿದ್ದರೆ, ಅಲ್ಲಿ ನಾಲ್ಕು ಮಹಡಿ ಎದ್ದರೆ ನೆರಳು ಎಲ್ಲಿಗೆ ಬರುತ್ತದೆ ಅಂತ ಸಜ್ಜಾದ ಲೆಕ್ಕದ ಹಾಗೇ ಕಾಗದದ ಮೇಲೆ ಹಾಕಿ ನೋಡಿ. ಸೋಲಾರ್ ಪ್ಯಾನೆಲ್ಲು ಚಾವಣಿಯ ಯಾವ ಮೂಲೆಗೆ ಅನ್ನುವುದನ್ನು ಆಮೇಲೆ ಎಂಜಿನಿಯರಿಗೆ ಹೇಳಿ.