ಒಂದು ಪುಟ ಮುಚ್ಚಲು ಹೋಗಿ

ಇಂಟರ್ನೆಟ್ಟಿನಲ್ಲಿ ಇಂಥದ್ದನ್ನು ತಡೆಯಿರಿ ಎನ್ನುವ ಸರ್ಕಾರದ ಆದೇಶದಲ್ಲಿ ಎಷ್ಟೋ ಸಲ ಇರುವುದು ಒಂದು ವಿಡಿಯೊದ ಅಥವಾ ಒಂದು ಪುಟದ ಲಿಂಕ್ ಅಷ್ಟೆ. ಅದನ್ನು ಜಾರಿಗೆ ತರಬೇಕಾದವರು ನಮ್ಮಂಥ ನೆಟ್‌ವರ್ಕ್ ಎಂಜಿನಿಯರುಗಳು. ತೊಂದರೆ ಶುರುವಾಗುವುದೇ ಅಲ್ಲಿ. ಈಗ ಬಹುಪಾಲು ಸೈಟುಗಳು ಎಚ್‌ಟಿಟಿಪಿಎಸ್ ಬಳಸುತ್ತವೆ, ಅಂದರೆ ಮಾಹಿತಿಯನ್ನು ನಡುವಿನವರು ಓದಲಾಗದಂತೆ ಗುಪ್ತಲಿಪಿಯಲ್ಲಿ ಕಳಿಸುತ್ತವೆ. ನೀವು ಯಾವ ಸೈಟಿಗೆ ಹೋದಿರಿ ಎಂಬುದು ಇಂಟರ್ನೆಟ್ ಕಂಪನಿಗೆ ಕಾಣುತ್ತದೆ, ಅದರೊಳಗೆ ಯಾವ ಪುಟ ತೆರೆದಿರಿ ಎಂಬುದು ಕಾಣುವುದಿಲ್ಲ. ಹಾಗಾಗಿ ಒಂದು ಪುಟ ಬೇಡ ಎಂದರೆ ಇಡೀ ಸೈಟೇ ಹೋಗುತ್ತದೆ. 2014ರ ಡಿಸೆಂಬರಿನಲ್ಲಿ ಐಸಿಸ್ ಪರ ಬರಹಗಳಿವೆ ಎಂದು ಭಾರತದಲ್ಲಿ 32 ವಿಳಾಸಗಳನ್ನು ಬ್ಲಾಕ್ ಮಾಡಿಸಿದಾಗ ಆ ಪಟ್ಟಿಯಲ್ಲಿ ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್, ವಿಡಿಯೊ ಸೈಟ್ ವಿಮಿಯೊ, ಹಳೆಯ ವೆಬ್ ಪುಟಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್ ಕೂಡ ಇದ್ದವು. ಕೋಡ್ ಬರೆದು ಬದುಕುವವರಿಗೆ ಗಿಟ್‌ಹಬ್ ಇಲ್ಲವೆಂದರೆ ಕೆಲಸವೇ ಇಲ್ಲ.

ತಡೆಯಲು ಅಗ್ಗದ ಜಾಗ ಡಿಎನ್‌ಎಸ್. ಸೈಟಿನ ಹೆಸರು ಕೊಟ್ಟರೆ ಅದರ ಐಪಿ ಅಡ್ರೆಸ್, ಅಂದರೆ ಇಂಟರ್ನೆಟ್ಟಿನಲ್ಲಿ ಅದರ ಅಂಕಿಯ ವಿಳಾಸ, ಹೇಳುವುದು ಇದರ ಕೆಲಸ. ಅಲ್ಲಿ ಸುಳ್ಳು ಉತ್ತರ ಕೊಟ್ಟರೆ ಮುಗಿಯಿತು. ಕಂಪನಿಯ ಡಿಎನ್‌ಎಸ್ ಮಾತ್ರ ಸುಳ್ಳು ಹೇಳುತ್ತಿದ್ದರೆ ಫೋನಿನಲ್ಲಿ ಬೇರೆ ಡಿಎನ್‌ಎಸ್ ಹಾಕಿಕೊಂಡು ದಾಟಬಹುದು. ಚೀನಾದಲ್ಲಿ ಹಾಗಾಗದು, ಅಲ್ಲಿ ನಡುದಾರಿಯಲ್ಲೇ ಸುಳ್ಳು ಉತ್ತರ ತುರುಕುತ್ತಾರೆ. 2010ರಲ್ಲಿ ಚಿಲಿ ದೇಶದವರು ಫೇಸ್‌ಬುಕ್ ಹುಡುಕಿದಾಗಲೂ ಈ ಸುಳ್ಳು ಉತ್ತರ ಸಿಕ್ಕಿತ್ತು. ಅವರ ಪ್ರಶ್ನೆ ಬೀಜಿಂಗ್‌ನಲ್ಲಿದ್ದ ಒಂದು ಸರ್ವರ್‌ಗೆ ಹೋಗಿಬಂದಿತ್ತು, ಅಷ್ಟೇ ಸಾಕಾಯಿತು.

ಇನ್ನೊಂದು ಜಾಗ ಐಪಿ ಅಡ್ರೆಸ್. ಆದರೆ ಒಂದೇ ಬಾಗಿಲಿನ ವಠಾರದಂತೆ ಒಂದು ಅಡ್ರೆಸ್ಸಿನ ಹಿಂದೆ ನೂರಾರು ಸೈಟುಗಳಿರಬಹುದು. 2018ರ ಏಪ್ರಿಲ್‌ನಲ್ಲಿ ರಷ್ಯಾ ಟೆಲಿಗ್ರಾಂ ನಿಲ್ಲಿಸಲು ಹೊರಟು ಅಮೆಜಾನ್, ಗೂಗಲ್‌ಗೆ ಸೇರಿದ ಒಂದು ಕೋಟಿಗೂ ಹೆಚ್ಚು ಅಡ್ರೆಸ್‌ಗಳನ್ನು ಮುಚ್ಚಿತು. ಏನೇನೋ ನಿಂತುಹೋಯಿತು, ಟೆಲಿಗ್ರಾಂ ಮಾತ್ರ ಓಡುತ್ತಲೇ ಇತ್ತು. ಎರಡು ವರ್ಷದ ಮೇಲೆ ಸರ್ಕಾರವೇ ತಡೆ ತೆಗೆಯಿತು.

ನಮ್ಮ ವೃತ್ತಿಯವರು ಇಂದಿಗೂ ಮಾತಾಡಿಕೊಳ್ಳುವ ಘಟನೆ ಪಾಕಿಸ್ತಾನದ್ದು. ಟ್ರಾಫಿಕ್ಕಿಗೆ ದಾರಿ ತೋರುವ ಯಂತ್ರಗಳಾದ ರೂಟರುಗಳು ‘ಈ ಅಡ್ರೆಸ್‌ಗಳಿಗೆ ದಾರಿ ನನ್ನಲ್ಲಿದೆ’ ಎಂದು ಒಂದಕ್ಕೊಂದು ಹೇಳಿಕೊಳ್ಳುವ ಪದ್ಧತಿಗೆ ಬಿಜಿಪಿ ಎನ್ನುತ್ತಾರೆ. ಹೇಳಿದ್ದನ್ನು ನಂಬುವುದು ಅದರ ಹುಟ್ಟುಗುಣ. 2008ರ ಫೆಬ್ರವರಿ 24ರಂದು ಯೂಟ್ಯೂಬ್ ತಡೆಯಬೇಕಾಗಿ ಬಂದಾಗ ಪಾಕಿಸ್ತಾನ್ ಟೆಲಿಕಾಂ, ಯೂಟ್ಯೂಬ್‌ನ 256 ಅಡ್ರೆಸ್‌ಗಳಿಗೆ ದಾರಿ ತನ್ನಲ್ಲಿದೆ ಎಂದು ಸಾರಿತು. ಬಂದ ಟ್ರಾಫಿಕ್ಕನ್ನು ಅಲ್ಲೇ ಎಸೆದುಬಿಡುವುದು ಉದ್ದೇಶ. ಈ ಮಾತು ದೇಶದೊಳಗೇ ಉಳಿಯಬೇಕಿತ್ತು. ಅದು ಸೋರಿ ಹಾಂಗ್‌ಕಾಂಗ್‌ನ ಟೆಲಿಕಾಂ ಕಂಪನಿ ಪಿಸಿಸಿಡಬ್ಲ್ಯೂಗೆ ಹೋಯಿತು, ಅವರು ಸೋಸದೆ ಲೋಕಕ್ಕೆಲ್ಲ ದಾಟಿಸಿದರು. ಯೂಟ್ಯೂಬ್ ಸ್ವತಃ ಸಾರಿದ್ದು 1,024 ಅಡ್ರೆಸ್‌ಗಳ ಗುಂಪನ್ನು. ಎರಡು ದಾರಿ ಕಂಡರೆ ಚಿಕ್ಕ ಗುಂಪು ಹೇಳುವ ದಾರಿ ಹಿಡಿ ಎಂಬುದು ರೂಟರುಗಳ ನಿಯಮ. ಹಾಗಾಗಿ ಜಗತ್ತಿನ ಬಹುಪಾಲು ಯೂಟ್ಯೂಬ್ ಟ್ರಾಫಿಕ್ ಪಾಕಿಸ್ತಾನದ ಕಡೆ ಹೊರಟಿತು! ಸುಮಾರು 80 ನಿಮಿಷದ ಬಳಿಕ ಯೂಟ್ಯೂಬ್ ಕೂಡ 256ರ ಗುಂಪು ಸಾರಿತು. ಅದು ಸಾಲದೆ 128ರ ಎರಡು ಗುಂಪು ಸಾರಿತು. ಪಿಸಿಸಿಡಬ್ಲ್ಯೂ ಆ ಸುಳ್ಳು ದಾರಿಯನ್ನು ಕಿತ್ತುಹಾಕುವಷ್ಟರಲ್ಲಿ ಎರಡು ಗಂಟೆ ದಾಟಿತ್ತು. ಇದರಲ್ಲಿ ಹ್ಯಾಕಿಂಗ್ ಏನೂ ಇರಲಿಲ್ಲ.

ಈಗಿನ ಉಪಕರಣಗಳು ಸಂಪರ್ಕ ಶುರುವಾಗುವಾಗ ಕಾಣುವ ಸೈಟಿನ ಹೆಸರನ್ನೇ ಓದಿ ತಡೆಯುತ್ತವೆ, ಇಲ್ಲವೇ ನಿಧಾನ ಮಾಡುತ್ತವೆ. ಇದಾದರೂ ಕರಾರುವಾಕ್ ಅಲ್ವಾ? ಹೆಸರನ್ನು ಸರಿಯಾಗಿ ಬರೆದರೆ ಮಾತ್ರ. 2021ರ ಮಾರ್ಚ್‌ನಲ್ಲಿ ರಷ್ಯಾ ಟ್ವಿಟರ್ ವೇಗ ತಗ್ಗಿಸಲು ಅದರ ಚುಟುಕು ವಿಳಾಸ ‘ಟಿ ಡಾಟ್ ಸಿಒ’ (t.co) ಎಲ್ಲಿ ಕಂಡರೂ ಹಿಡಿ ಎಂದು ನಿಯಮ ಹಾಕಿತು. ‘ಟಿ’ ಅಕ್ಷರಕ್ಕೆ ಮುಗಿದು ‘ಡಾಟ್ ಕಾಂ’ (.com) ಬರುವ ಹೆಸರುಗಳಲ್ಲೆಲ್ಲ ಈ ತುಣುಕು ಇರುತ್ತದೆ. ಮೈಕ್ರೋಸಾಫ್ಟ್, ರೆಡ್ಡಿಟ್ ಕುಂಟಿದವು. ರಷ್ಯಾ ಸರ್ಕಾರದ್ದೇ ದುಡ್ಡಿನಲ್ಲಿ ನಡೆಯುವ ಆರ್‌ಟಿ ಸುದ್ದಿ ಸೈಟೂ ಬಲೆಗೆ ಬಿತ್ತು. ಒಂದು ಸಾಲಿನ ನಿಯಮವನ್ನು ಯಾರೂ ಪರೀಕ್ಷಿಸಿ ನೋಡಿರಲಿಲ್ಲ ಎಂದೇ ನನ್ನ ಅನುಮಾನ.

ನಮ್ಮಲ್ಲಿ ಐಟಿ ಕಾಯ್ದೆಯ 69ಎ ಕಲಮಿನಡಿ ಆದೇಶ ಬರುತ್ತದೆ. ಅದರ 2009ರ ನಿಯಮಗಳಲ್ಲಿ 16ನೆಯದು ದೂರನ್ನೂ ಕ್ರಮವನ್ನೂ ಗುಟ್ಟಾಗಿಡಬೇಕು ಎನ್ನುತ್ತದೆ. ಯಾವ ವಿಧಾನದಿಂದ ತಡೆಯಬೇಕು ಎಂಬುದು ಮಾತ್ರ ಹೆಚ್ಚಾಗಿ ಕಂಪನಿಗೇ ಬಿಟ್ಟದ್ದು. ವಿಧಾನವನ್ನೂ ಬರೆದು, ಆದೇಶವನ್ನು ಪ್ರಕಟಿಸಬೇಕು ಎನ್ನುವವನು ನಾನು. ಅಲ್ಲಿಯವರೆಗೆ, ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ತೆರೆಯದ ಸೈಟನ್ನು ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಒಂದರಲ್ಲಿ ತೆರೆದು ಇನ್ನೊಂದರಲ್ಲಿ ತೆರೆಯದಿದ್ದರೆ ಸೈಟ್ ಕೆಟ್ಟಿಲ್ಲ, ದಾರಿಯಲ್ಲಿ ಏನೋ ಅಡ್ಡ ಇದೆ ಎಂದರ್ಥ. ಡಿಎನ್‌ಎಸ್ ಬದಲಿಸಿದೊಡನೆ ತೆರೆದರೆ ಅಡ್ಡ ಎಲ್ಲಿತ್ತು ಎಂಬುದೂ ಗೊತ್ತಾಗುತ್ತದೆ. ಸುಮ್ನೆ ವೈಫೈ ಆಫ್ ಮಾಡಿ ಆನ್ ಮಾಡುತ್ತಾ ಕೂರಬೇಕಿಲ್ಲ.