ಮಾಲ್‌ನಲ್ಲಿ 175 ಹೊಡೆಯುವವನಿಗೆ ಟೂರ್ನಮೆಂಟ್‌ನಲ್ಲಿ 138 ಯಾಕೆ?

ಈ ಸಲ ಬೌಲಿಂಗ್ ಬಗ್ಗೆ, ಅಂದರೆ ಉದ್ದ ಲೇನ್ ಮೇಲೆ ಬಾಲ್ ಉರುಳಿಸಿ ಕೊನೆಯಲ್ಲಿ ನಿಂತ ಹತ್ತು ಪಿನ್ ಬೀಳಿಸುವ ಆಟದ ಬಗ್ಗೆ, ಪ್ರಶ್ನೆ ಕೇಳಿದವರು ಉಡುಪಿ ಕಡೆಯವರು. "ವಾರಕ್ಕೆರಡು ಸಲ ಮಂಗಳೂರಿಗೆ ಬಂದು ಬೌಲಿಂಗ್ ಆಡುತ್ತೇನೆ. ಆವರೇಜ್ 175 ಉಂಟು, ಸ್ವಂತ ಬಾಲ್ ಉಂಟು. ಬೆಂಗಳೂರಿನ ಟೂರ್ನಮೆಂಟ್‌ಗೆ ಹೋದೆ. ಅದೇ ಬಾಲ್, ಅದೇ ಕೈ, ಆದರೆ ಆರು ಗೇಮ್‌ನಲ್ಲಿ ಒಮ್ಮೆಯೂ 150 ದಾಟಲಿಲ್ಲ. ಲೇನ್ ಸರಿ ಇರಲಿಲ್ಲವಾ, ಇಲ್ಲ ನಾನು ಸರಿ ಇರಲಿಲ್ಲವಾ?"

ಲೇನ್ ಸರಿಯೇ ಇತ್ತು. ನೀವೂ ಯಾವತ್ತಿನ ಹಾಗೇ ಆಡಿರುತ್ತೀರಿ. ಇಷ್ಟು ದಿನ ಮಾಲ್‌ನ ಲೇನ್ ನಿಮ್ಮ ತಪ್ಪನ್ನು ಸದ್ದಿಲ್ಲದೆ ಮುಚ್ಚಿ ಹಾಕುತ್ತಿತ್ತು, ಟೂರ್ನಮೆಂಟ್ ಲೇನ್ ಮುಚ್ಚಲಿಲ್ಲ, ಅಷ್ಟೇ. ಮೊದಲ ಸಲ ಹೋದಾಗ ನನಗೂ ಇದೇ ಆಯಿತು. ನನ್ನ ಆವರೇಜ್ ಸರಿಯಾಗಿ 138. ವಾಪಸ್ ಬರುವ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿಯುವವರೆಗೂ ಎಣ್ಣೆ ಹಾಕಿದವನನ್ನು ಬೈಯುತ್ತಲೇ ಇದ್ದೆ.

ಎಣ್ಣೆ ಅಂದೆನಲ್ಲ, ವಿಷಯ ಇರುವುದೇ ಅಲ್ಲಿ. ಎಸೆಯುವವರು ದಾಟಬಾರದ ಗೆರೆ, ಅಂದರೆ ಫೌಲ್ ಲೈನ್‌ನಿಂದ ಮೊದಲ ಪಿನ್‌ಗೆ 60 ಅಡಿ. ಅಗಲ ಮೂರೂವರೆ ಅಡಿಗೆ ಚೂರು ಕಮ್ಮಿ, ಅದರಲ್ಲಿ 39 ಪಟ್ಟಿಗಳು. ಇದಕ್ಕೆ ಬೋರ್ಡ್ ಅನ್ನುತ್ತೇವೆ. ಒಂದೊಂದು ಬೋರ್ಡ್ ಒಂದು ಇಂಚಿಗಿಂತ ಕೂದಲೆಳೆ ಜಾಸ್ತಿ. ಈ ಲೇನ್ ಮೇಲೆ ಒಂದು ಮೆಷಿನ್ ಓಡಿ ತೆಳ್ಳಗೆ ಎಣ್ಣೆ ಸವರುತ್ತದೆ, ಸಾಮಾನ್ಯವಾಗಿ ಮೊದಲ 35ರಿಂದ 45 ಅಡಿವರೆಗೆ. ಆಮೇಲಿನದು ಒಣ. ಕಣ್ಣಿಗೆ ಏನೂ ಕಾಣುವುದಿಲ್ಲ, ಇಡೀ ಲೇನ್ ಒಂದೇ ಥರ ಫಳಫಳ ಹೊಳೆಯುತ್ತದೆ. ಆದರೆ ಬಾಲ್‌ಗೆ ಗೊತ್ತಾಗುತ್ತದೆ. ಎಣ್ಣೆ ಇರುವಲ್ಲಿ ಅದು ಜಾರುತ್ತದೆ, ಒಣ ಜಾಗ ಸಿಕ್ಕಿದ ಕೂಡಲೇ ಹಿಡಿದುಕೊಂಡು ತಿರುಗುತ್ತದೆ. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಅಂಗಳದಲ್ಲಿ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಜಾರುವಷ್ಟು ದೂರ ಜಾರಿ, ಒರಟು ಕಲ್ಲು ಸಿಕ್ಕಲ್ಲಿ ಕಾಲು ಗಕ್ಕನೆ ನಿಲ್ಲುತ್ತದೆ.

ಮಾಲ್‌ಗಳಲ್ಲಿ, ಕ್ಲಬ್‌ಗಳಲ್ಲಿ ಹಾಕುವುದಕ್ಕೆ ಹೌಸ್ ಪ್ಯಾಟರ್ನ್ ಅಂತ ಹೆಸರು. ಇದರಲ್ಲಿ ನಡುವೆ ದಪ್ಪ ಎಣ್ಣೆ, ಎರಡು ಅಂಚಿನಲ್ಲಿ ಹೆಸರಿಗೆ ಮಾತ್ರ. ಅಂಚಿಗೆ ಒಂದು ಪಾಲಾದರೆ ನಡುವಿಗೆ ಎಂಟು, ಹತ್ತು ಪಾಲು. ಹೀಗಿದ್ದಾಗ ಏನಾಗುತ್ತದೆ ನೋಡಿ. (ನಾನು ಬಲಗೈಯವನು. ಎಡಗೈಯವರು ತಿರುಗಿಸಿ ಓದಿಕೊಳ್ಳಿ.) ನೀವು ಅಂದುಕೊಂಡಿದ್ದಕ್ಕಿಂತ ಬಾಲ್ ಮೂರು ಬೋರ್ಡ್ ಬಲಕ್ಕೆ ಹೋಯಿತು ಅಂತಿಟ್ಟುಕೊಳ್ಳಿ. ಅಲ್ಲಿ ಒಣ, ಆದ್ದರಿಂದ ಜೋರಾಗಿ ತಿರುಗಿ ಪಾಕೆಟ್‌ಗೆ, ಅಂದರೆ ಒಂದು ಮತ್ತು ಮೂರನೇ ಪಿನ್ ನಡುವೆ, ವಾಪಸ್ ಬರುತ್ತದೆ. ಮೂರು ಬೋರ್ಡ್ ಎಡಕ್ಕೆ ಹೋದರೆ ಅಲ್ಲಿ ಎಣ್ಣೆ. ಬಾಲ್ ತಿರುಗದೆ ಜಾರಿಕೊಂಡು ಹೋಗಿ ಅದೇ ಪಾಕೆಟ್‌ಗೆ ಬಡಿಯುತ್ತದೆ. ಅಡಿಕೆ ತೋಟದ ಕಣಿಯ ಹಾಗೆ, ನೀರನ್ನು ಎಲ್ಲಿ ಸುರಿದರೂ ಹರಿದು ಹೋಗಿ ಸೇರುವುದು ಅಲ್ಲಿಗೇ. ಐದಾರು ಬೋರ್ಡ್ ಆಚೀಚೆ ಆದರೂ ಸ್ಟ್ರೈಕ್ (ಒಂದೇ ಎಸೆತಕ್ಕೆ ಹತ್ತೂ ಪಿನ್) ಬೀಳುತ್ತದೆ. ನಾವು ಮಾತ್ರ ನಮ್ಮ ಕೈಚಳಕ ಅಂದುಕೊಂಡು ಫೋನ್‌ನಲ್ಲಿ ಸ್ಕೋರ್‌ಬೋರ್ಡ್‌ನ ಫೋಟೋ ಹೊಡೆದು ಗ್ರೂಪಿಗೆ ಹಾಕುತ್ತೇವೆ.

ಟೂರ್ನಮೆಂಟ್‌ಗೆ ಹಾಕುವುದು ಸ್ಪೋರ್ಟ್ ಪ್ಯಾಟರ್ನ್. ಇದರಲ್ಲಿ ನಡುವಿಗೂ ಅಂಚಿಗೂ ಅಷ್ಟು ವ್ಯತ್ಯಾಸ ಇರುವುದಿಲ್ಲ, ಜಾಸ್ತಿ ಅಂದರೆ ಒಂದಕ್ಕೆ ಮೂರೋ ನಾಲ್ಕೋ. ದೋಸೆ ಕಾವಲಿಗೆ ಅಂಚಿನವರೆಗೂ ಸಮನಾಗಿ ಎಣ್ಣೆ ಸವರಿದ ಹಾಗೆ. ಇಲ್ಲಿ ಬಲಕ್ಕೆ ತಪ್ಪಿದರೆ ಅಲ್ಲೂ ಎಣ್ಣೆ ಇರುವುದರಿಂದ ಬಾಲ್ ತಿರುಗಿ ಬರುವುದೇ ಇಲ್ಲ, ಮೊದಲ ಪಿನ್ನನ್ನು ಮುಟ್ಟದೆ ಬದಿಯಲ್ಲೇ ಹಾದು ಹೋಗುತ್ತದೆ. ಎಡಕ್ಕೆ ತಪ್ಪಿದರೆ ತಡೆಯುವಷ್ಟು ಎಣ್ಣೆ ಅಲ್ಲಿಲ್ಲ, ಬೇಗ ತಿರುಗಿ ಮೊದಲ ಪಿನ್ನಿನ ಮೂಗಿಗೇ ಹೊಡೆದು ಸ್ಪ್ಲಿಟ್, ಅಂದರೆ ಉಳಿದ ಪಿನ್‌ಗಳು ಒಂದಕ್ಕೊಂದು ದೂರ ನಿಂತುಬಿಡುತ್ತವೆ. ಬಿಡುವು ಇರುವುದು ಒಂದೆರಡು ಬೋರ್ಡ್ ಮಾತ್ರ. ಅಂದರೆ ಎರಡು ಬೆರಳಿನ ಅಗಲ, 18 ಮೀಟರ್ ದೂರದ ಆಟದಲ್ಲಿ. ಎಂತ ಸಾವು ಮಾರಾಯ್ರೆ.

ಅಮೆರಿಕದಲ್ಲಿ 1958ರಲ್ಲಿ ಶುರುವಾದ ಪಿಬಿಎ ಅನ್ನುವ ವೃತ್ತಿಪರರ ಸಂಸ್ಥೆ ಇದೆ. ಅವರು ಈ ಎಣ್ಣೆಯ ಪ್ಯಾಟರ್ನ್‌ಗಳಿಗೆ ಚೀತಾ, ವೈಪರ್, ಸ್ಕಾರ್ಪಿಯನ್, ಶಾರ್ಕ್ ಅಂತ ಪ್ರಾಣಿಗಳ ಹೆಸರೇ ಇಟ್ಟಿದ್ದಾರೆ. ಚೀತಾ ಗಿಡ್ಡ, ಶಾರ್ಕ್ ಉದ್ದ. ನಮ್ಮಲ್ಲಿ ಅಂಥ ಪ್ರೊ ಟೂರ್ ಇಲ್ಲ. ಆದರೆ ಒಳ್ಳೆಯ ಟೂರ್ನಮೆಂಟ್‌ಗಳಲ್ಲಿ ಎಣ್ಣೆ ಎಷ್ಟು ಅಡಿ ಅಂತ ಮೊದಲೇ ಹಾಳೆ ಅಂಟಿಸುತ್ತಾರೆ. ಮೊದಲ ಸಲ ನಾನು ಆ ಹಾಳೆಯನ್ನು ನೋಡಿದೆ, ಗ್ರಾಫ್ ಚೆಂದ ಉಂಟು ಅಂದುಕೊಂಡೆ, ಹೋಗಿ ಕಾಫಿ ಕುಡಿದೆ. ಅದರಿಂದ ಒಂದು ಸಂಖ್ಯೆ ಮಾತ್ರ ತೆಗೆದುಕೊಂಡಿದ್ದರೂ ಸಾಕಿತ್ತು.

ಲೆಕ್ಕ ಇಷ್ಟೇ. ಎಣ್ಣೆಯ ಉದ್ದದಿಂದ 31 ಕಳೆಯಿರಿ. ಬಲ ಅಂಚಿನಿಂದ ಎಣಿಸಿದರೆ ಅಷ್ಟನೇ ಬೋರ್ಡ್‌ನ ಆಸುಪಾಸಿನಲ್ಲಿ ಬಾಲ್ ಎಣ್ಣೆಯಿಂದ ಹೊರಗೆ ಬರಬೇಕು. 36 ಅಡಿ ಇದ್ದರೆ ಐದನೇ ಬೋರ್ಡ್, ಅಂದರೆ ಅಂಚಿಗೆ ಹತ್ತಿರ. 42 ಇದ್ದರೆ 11. 45 ಇದ್ದರೆ 14, ಬಹುಪಾಲು ನೇರ ಆಟ. ಕಾರಣ ಸುಲಭ: ಎಣ್ಣೆ ಉದ್ದ ಇದ್ದಷ್ಟೂ ಬಾಲ್‌ಗೆ ತಿರುಗಲು ಉಳಿಯುವ ಒಣ ಜಾಗ ಕಮ್ಮಿ, ಆದ್ದರಿಂದ ಅದನ್ನು ಅಷ್ಟು ಹೊರಗೆ ಕಳಿಸಿದರೆ ವಾಪಸ್ ಬರಲು ಸಮಯವೇ ಇರುವುದಿಲ್ಲ. ಆ ದಿನ ಹಾಳೆಯಲ್ಲಿ ಇದ್ದದ್ದು 42. ನಾನು ಮಾಲ್‌ನ ಅಭ್ಯಾಸದಲ್ಲಿ ಐದಾರನೇ ಬೋರ್ಡ್‌ಗೆ ಎಸೆಯುತ್ತಾ ಹೋದೆ. ಬಾಲ್ ಅತ್ತ ಹೋಯಿತು, ಅತ್ತಲೇ ಉಳಿಯಿತು. ಮೂರು ಗೇಮ್ ಮುಗಿಯುವವರೆಗೂ ಇನ್ನೂ ಜೋರಾಗಿ ತಿರುಗಿಸಬೇಕು ಅಂತ ಮಣಿಕಟ್ಟಿಗೆ ಕೆಲಸ ಕೊಟ್ಟೆನೇ ಹೊರತು ನಿಂತ ಜಾಗದಿಂದ ಕಾಲು ಕದಲಿಸಲಿಲ್ಲ. 31ರ ಲೆಕ್ಕ ಕಟ್ಟುನಿಟ್ಟಿನ ಕಾನೂನಲ್ಲ, ಶುರು ಮಾಡಲು ಒಂದು ಜಾಗ ಮಾತ್ರ. ಆದರೆ ಆ ಜಾಗವೂ ಇಲ್ಲದೆ ಶುರು ಮಾಡಿದರೆ ಪ್ರಾಕ್ಟೀಸ್‌ಗೆ ಕೊಟ್ಟ ಹತ್ತು ಹದಿನೈದು ನಿಮಿಷ ಸುಮ್ನೆ ಹಾಳು.

ಇನ್ನೊಂದು ತೊಂದರೆ, ಎಣ್ಣೆ ಇದ್ದ ಹಾಗೇ ಇರುವುದಿಲ್ಲ. ಕಾವಲಿಯ ಮಾತನ್ನೇ ಮುಂದುವರಿಸುವುದಾದರೆ, ಎಣ್ಣೆ ಸವರಿದ ಕೂಡಲೇ ಹಾಕಿದ ನೀರು ದೋಸೆ ತಾನೇ ಏಳುತ್ತದೆ, ನಾಲ್ಕು ದೋಸೆ ಆದಮೇಲೆ ಅದೇ ಕಾವಲಿಯಲ್ಲಿ ಅದೇ ಹಿಟ್ಟು ಕಚ್ಚಿಕೊಳ್ಳುತ್ತದೆ. ಇಲ್ಲೂ ಹಾಗೇ. ಈಗಿನ ರೆಸಿನ್ ಬಾಲ್‌ಗಳು ಎಣ್ಣೆ ಕುಡಿಯುತ್ತವೆ. ಎಲ್ಲರೂ ಒಂದೇ ದಾರಿಯಲ್ಲಿ ಎಸೆಯುತ್ತಾ ಹೋದ ಹಾಗೆ ಆ ದಾರಿ ಒಣಗುತ್ತದೆ, ಬಾಲ್ ಬೇಗ ತಿರುಗಲು ಶುರು ಮಾಡುತ್ತದೆ. ಮೊದಲ ಗೇಮ್‌ನಲ್ಲಿ ಪಾಕೆಟ್‌ಗೆ ಬಡಿಯುತ್ತಿದ್ದ ಎಸೆತ ಮೂರನೇ ಗೇಮ್‌ನಲ್ಲಿ ಮೂಗಿಗೆ ಬಡಿಯುತ್ತದೆ. ಆಗ "ನನ್ನ ಕೈ ಹೋಯಿತು" ಅಂತ ಗಾಬರಿ ಬೀಳಬಾರದು. ಕಾಲು ಎರಡು ಬೋರ್ಡ್ ಎಡಕ್ಕೆ, ಗುರಿ ಒಂದು ಬೋರ್ಡ್ ಎಡಕ್ಕೆ. ಬಾಲ್ ಯಾವ ಕಡೆಗೆ ತಪ್ಪುತ್ತದೋ ಅದೇ ಕಡೆಗೆ ನೀವೂ ಸರಿಯಬೇಕು. ಮೊದಲು ಕೇಳಿದಾಗ ಉಲ್ಟಾ ಅನ್ನಿಸುತ್ತದೆ, ಒಂದು ಸಲ ಮಾಡಿ ನೋಡಿದರೆ ಗೊತ್ತಾಗುತ್ತದೆ.

ಸಾಲದ್ದಕ್ಕೆ ಪ್ರತಿ ಗೇಮ್ ಆದಮೇಲೆ ಬೇರೆ ಲೇನ್ ಜೋಡಿಗೆ ಕಳಿಸುತ್ತಾರೆ. ಅಲ್ಲಿ ನಿಮಗಿಂತ ಮೊದಲು ಆಡಿದವರು ಯಾರು, ಹೇಗೆ ಎಸೆಯುತ್ತಾರೆ ಅಂತ ಕಣ್ಣಿಟ್ಟಿರಬೇಕು. ಆಸ್ಟ್ರೇಲಿಯದ ಜೇಸನ್ ಬೆಲ್ಮಾಂಟೆ ಎರಡು ಕೈಯಲ್ಲಿ ಎಸೆದು ಗೆಲ್ಲುತ್ತಾ ಹೋದ ಮೇಲೆ ಹುಡುಗರೆಲ್ಲ ಎರಡು ಕೈ ಶುರು ಮಾಡಿದ್ದಾರೆ. ಹಾಗೆ ಬಾಲ್‌ಗೆ ಜೋರು ಸುತ್ತು ಕೊಟ್ಟು ಎಸೆಯುವವರು ಇಬ್ಬರು ಆಡಿಬಿಟ್ಟ ಲೇನ್‌ಗೆ ನೀವು ಹೋದರೆ, ಅಲ್ಲಿನ ಎಣ್ಣೆ ಹಾಳೆಯಲ್ಲಿ ಬರೆದ ಹಾಗೆ ಇರುವುದಿಲ್ಲ.

ಈಗ ಮುಖ್ಯ ವಿಷಯ. ಇಷ್ಟೆಲ್ಲ ತಿಳಿದುಕೊಂಡರೂ ಕಷ್ಟದ ಲೇನ್‌ನಲ್ಲಿ ನಿಮಗೂ ನನಗೂ ಸ್ಟ್ರೈಕ್ ಕಮ್ಮಿಯೇ ಬೀಳುವುದು. ಅಲ್ಲಿ ಉಳಿಸುವುದು ಸ್ಪೇರ್, ಅಂದರೆ ಮೊದಲ ಎಸೆತದಲ್ಲಿ ಬೀಳದೆ ಉಳಿದದ್ದನ್ನೆಲ್ಲ ಎರಡನೇ ಎಸೆತದಲ್ಲಿ ಬೀಳಿಸುವುದು. ಊರಿಗೆ ಬಂದ ಮೇಲೆ ಸಿಟ್ಟು ಇಳಿಯಲು ನಾಲ್ಕು ದಿನ ಬೇಕಾಯಿತು, ಐದನೇ ದಿನ ನನ್ನ ಸ್ಕೋರ್ ಶೀಟ್ ತೆಗೆದು ಕುಳಿತೆ. ಆರು ಗೇಮ್ ಸೇರಿ 828. ಮುಂದಿನ ಸುತ್ತಿಗೆ ಹೋದವರಲ್ಲಿ ಕೊನೆಯವರ ಸ್ಕೋರ್ 942. ವ್ಯತ್ಯಾಸ 114 ಪಿನ್. ಆಮೇಲೆ ಸ್ಪ್ಲಿಟ್‌ಗಳನ್ನೆಲ್ಲ ಬಿಟ್ಟು, ಒಂದೇ ಒಂದು ಪಿನ್ ನಿಂತಿದ್ದು ಅದನ್ನೂ ಹೊಡೆಯಲಾಗದೆ ಬಿಟ್ಟದ್ದು ಎಷ್ಟು ಅಂತ ಪೆನ್ಸಿಲ್‌ನಲ್ಲಿ ಸುತ್ತು ಹಾಕುತ್ತಾ ಹೋದೆ. ಹದಿಮೂರು. ಅದರಲ್ಲಿ ಎಂಟು ಬಲ ಮೂಲೆಯ ಹತ್ತನೇ ಪಿನ್. ಒಂಟಿ ಪಿನ್ ಬಿಟ್ಟರೆ ಹೋಗುವುದು ಒಂದೇ ಪಿನ್ ಅಲ್ಲ. ಸ್ಪೇರ್ ಆಗಿದ್ದರೆ ಮುಂದಿನ ಎಸೆತದ ಪಿನ್‌ಗಳೂ ಈ ಫ್ರೇಮ್‌ಗೆ (ಎರಡು ಎಸೆತದ ಒಂದು ಸರದಿ, ಗೇಮ್‌ಗೆ ಇಂಥವು ಹತ್ತು) ಸೇರುತ್ತಿದ್ದವು. ಹಾಗಾಗಿ ಒಂದು ಸಲ ಬಿಟ್ಟರೆ ಹೆಚ್ಚು ಕಮ್ಮಿ 10 ಪಿನ್ ನಷ್ಟ. ಹದಿಮೂರಕ್ಕೆ 130. ನನಗೆ ಬೇಕಾಗಿದ್ದದ್ದು 114!

ಇನ್ನೊಂದು ಲೆಕ್ಕವನ್ನೂ ಕೇಳಿ. ಒಂದೂ ಸ್ಟ್ರೈಕ್ ಇಲ್ಲದೆ, ಪ್ರತಿ ಫ್ರೇಮ್‌ನಲ್ಲಿ ಒಂಬತ್ತು ಪಿನ್ ಬೀಳಿಸಿ ಉಳಿದ ಒಂದನ್ನು ಹೊಡೆದರೆ ಸ್ಕೋರ್ 190. ಮಾಲ್‌ನಲ್ಲಿ ಸ್ಟ್ರೈಕ್ ಮೇಲೆ ಸ್ಟ್ರೈಕ್ ಹೊಡೆದು ನೀವು ತರುವ 175ಕ್ಕಿಂತ ಜಾಸ್ತಿ. ಪ್ರೇಕ್ಷಕರು ಆಕಳಿಸುತ್ತಾರೆ, ಆಕಳಿಸಲಿ ಬಿಡಿ.

ಸ್ಪೇರ್‌ಗೆ ಪ್ಲಾಸ್ಟಿಕ್ ಬಾಲ್ ಬೇಕು. ಅದು ಎಣ್ಣೆ, ಒಣ ಯಾವುದನ್ನೂ ಅಷ್ಟಾಗಿ ಲೆಕ್ಕಿಸದೆ ಹೆಚ್ಚು ಕಮ್ಮಿ ನೇರ ಹೋಗುತ್ತದೆ. ಕಷ್ಟದ ಲೇನ್‌ನಲ್ಲಿ ನೇರ ಹೋಗುವ ಒಂದು ಬಾಲ್ ಇದ್ದರೆ ಅರ್ಧ ತಲೆನೋವು ಕಮ್ಮಿ. ಹತ್ತನೇ ಪಿನ್‌ಗೆ ಎಡಕ್ಕೆ ಸಾಧ್ಯವಾದಷ್ಟು ಸರಿದು ನಿಂತು ಲೇನ್‌ಗೆ ಅಡ್ಡಡ್ಡ ಎಸೆಯಿರಿ. ಹೊಸ ರೆಸಿನ್ ಬಾಲ್ ತೆಗೆದುಕೊಳ್ಳಲಾ ಅಂತ ಕೇಳುವವರಿಗೆಲ್ಲ ನಾನು ಹೇಳುವುದು, ಮೊದಲು ಪ್ಲಾಸ್ಟಿಕ್ ತೆಗೆದುಕೊಳ್ಳಿ. ಅಗ್ಗ ಕೂಡ. ಹೊರುವುದು ಮಾತ್ರ ಕಷ್ಟ. 15 ಪೌಂಡಿನ ಎರಡು ಬಾಲ್ ಅಂದರೆ 13 ಕಿಲೋ ದಾಟುತ್ತದೆ. ರಾತ್ರಿ ಬಸ್ಸಿನ ಡಿಕ್ಕಿಗೆ ಬ್ಯಾಗ್ ಎತ್ತಿದ ಕಂಡಕ್ಟರ್ "ಎಂತ ಮಾರಾಯ್ರೆ, ಕಡೆಯುವ ಕಲ್ಲಾ?" ಅಂತ ಕೇಳಿದ್ದರು.

ಮಳೆಗಾಲದಲ್ಲಿ ಹೋಗುವವರಿಗೆ ಒಂದು ಮಾತು, ಇದು ನಮ್ಮ ಕರಾವಳಿಯವರಿಗೆ ಜಾಸ್ತಿ ಬೇಕಾದದ್ದು. ಬೌಲಿಂಗ್ ಶೂ ಹಾಕಿದ ಮೇಲೆ ಒದ್ದೆ ನೆಲಕ್ಕೆ, ಬಾತ್‌ರೂಮಿಗೆ ಹೋಗಬೇಡಿ. ಕೊನೆಯ ಹೆಜ್ಜೆಯಲ್ಲಿ ಎಡಗಾಲು ಜಾರಬೇಕು, ಅಡಿಗೆ ನೀರು ತಾಗಿದರೆ ಜಾರುವುದಿಲ್ಲ, ಅಂಟಿಕೊಳ್ಳುತ್ತದೆ. ನನ್ನ ಎರಡನೇ ಟೂರ್ನಮೆಂಟ್‌ನಲ್ಲಿ ಯಾರದೋ ಕೊಡೆಯಿಂದ ಬಿದ್ದ ನಾಲ್ಕು ಹನಿ ನೀರು ಮೆಟ್ಟಿ ಹೋಗಿದ್ದೆ. ಕಾಲು ನಿಂತಿತು, ಮೈ ನಿಲ್ಲಲಿಲ್ಲ. ಎರಡು ಕೈ ಊರಿ ಫೌಲ್ ಲೈನ್ ಆಚೆ ಎಣ್ಣೆಯ ಮೇಲೆ ಬಿದ್ದೆ, ಕೆಂಪು ದೀಪ ಹತ್ತಿತು. ಬಾಲ್ ಎಂಟು ಪಿನ್ ಬೀಳಿಸಿತ್ತು, ಸಿಕ್ಕಿದ್ದು ಸೊನ್ನೆ. ಟವಲ್ ಎರಡು ಇಟ್ಟುಕೊಳ್ಳಿ, ಒಂದು ಶೂಗೆ, ಇನ್ನೊಂದು ಬಾಲ್‌ಗೆ. ವಾಪಸ್ ಬಂದ ಬಾಲ್ ಮೇಲೆ ಎಣ್ಣೆಯ ಗೆರೆ ಕಾಣುತ್ತದೆ, ಅದನ್ನು ಪ್ರತಿ ಸಲ ಒರೆಸಿಯೇ ಎಸೆಯಬೇಕು.

ಅಂಥ ಲೇನ್ ನಮ್ಮೂರಲ್ಲಿ ಇಲ್ಲದೆ ಪ್ರಾಕ್ಟೀಸ್ ಹೇಗೆ ಅಂತ ಕೇಳುತ್ತೀರಿ. ಸ್ಪೇರ್‌ನ ಪ್ರಾಕ್ಟೀಸ್‌ಗೆ ಯಾವ ಲೇನ್ ಆದರೂ ಆಗುತ್ತದೆ. ನಾನು ಮಾಡುವುದು ಇಷ್ಟು: ಜನ ಕಮ್ಮಿ ಇರುವ ಮಧ್ಯಾಹ್ನ ಹೋಗಿ, ಹತ್ತೂ ಪಿನ್ ನಿಂತಿರುವಾಗಲೇ ಮೂಲೆಯ ಹತ್ತನೆಯದನ್ನು ಮಾತ್ರ ಹೊಡೆಯಲು ನೋಡುವುದು. ಪಕ್ಕದ ಆರನೇ ಪಿನ್ ಮುಟ್ಟಿದರೆ ಅದು ಲೆಕ್ಕಕ್ಕಿಲ್ಲ. ಗೇಮ್ ಮುಗಿದಾಗ ಬೋರ್ಡ್ ಮೇಲೆ ಹನ್ನೊಂದೋ ಹದಿನೈದೋ ಇರುತ್ತದೆ. ಕಳೆದ ತಿಂಗಳು ಕೌಂಟರಿಗೆ ಹೊಸದಾಗಿ ಸೇರಿದ ಹುಡುಗ ಎರಡು ಗೇಮ್ ತಾಳ್ಮೆಯಿಂದ ನೋಡಿದ, ಮೂರನೆಯದಕ್ಕೆ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಸರ್, ಎಲ್ಲ ಒಂದೇ ಕಡೆ ಹೋಗ್ತಾ ಉಂಟಲ್ಲ, ಬಾಲ್ ಬದಿಗೆ ಬೀಳದ ಹಾಗೆ ಮಕ್ಕಳಿಗೆ ಹಾಕುವ ಬಂಪರ್ ಹಾಕಿ ಕೊಡ್ಲಾ?"